ಒಂದೇ ಥಾನಿನ ಎರಡು ಕತ್ತು

ಎರಡು ರೂಪಾಯಿ ಖರ್ಚಾಯಿತು. ಅರವತ್ತರ ದಶಕದ ಆರಂಭದಲ್ಲಿ, ಹನುಮಂತನಗರದ ಒಂದು ಬಾಡಿಗೆ ಮನೆಗೆ ಅದು ಸಣ್ಣ ಮೊತ್ತವಲ್ಲ. ಖರ್ಚಾದದ್ದು ನನ್ನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿ ಬಣ್ಣ ನೋಡುವುದಕ್ಕೆ. ನನಗೆ ಆಗ ಹದಿಮೂರೋ ಹದಿನಾಲ್ಕೋ. ಮೈ ಮಾತ್ರ ಎರಡು ಹುಡುಗಿಯರಿಗಾಗುವಷ್ಟಿತ್ತು. ಕರೆದುಕೊಂಡು ಹೋಗಿದ್ದವಳು ಅಪ್ಪನ ತಾಯಿ, ನನ್ನ ಅಜ್ಜಿ. ದುಡ್ಡು ಅವಳ ಸೆರಗಿನ ಗಂಟಿನಲ್ಲಿತ್ತು, ಆದ್ದರಿಂದ ಮಾತೂ ಅವಳದೇ.

"ನೀರು ಮಗೀದು. ಶೀಸೆ ಮನೆಯಿಂದ ತೊಳ್ಕೊಂಡು ತಂದಿದೀವಿ. ಬರೀ ಕಾಯ್ಸೋದಕ್ಕೆ ಎರಡು ರೂಪಾಯಿನಾ ಸ್ವಾಮಿ?" ಎಂದು ಅವಳು ಕಾಂಪೌಂಡರನ್ನು ಕೇಳಿದಳು.

"ರೇಟು ಡಾಕ್ಟ್ರು ಹಾಕಿರೋದು ಅಜ್ಜಿ. ನನ್ ಕೈಲಿ ಏನೂ ಇಲ್ಲ."

"ಕೈಲಿ ಶೀಸೆ ಐತಲ್ಲ. ಆಯ್ತು, ಎರಡೇ ತಗೊಳ್ಳಿ. ಕೊಸರಿಗೆ ನಂದೂ ಒಂದು ನೋಡ್ಬಿಡಿ."

ಕಾಂಪೌಂಡರು ನಕ್ಕುಬಿಟ್ಟರು. ಸೊಪ್ಪಿನವಳ ಹತ್ತಿರ ಎರಡೆಳೆ ಕೊತ್ತಂಬರಿ, ಎಣ್ಣೆಯವನ ಹತ್ತಿರ ಒಂದು ಹನಿ ಹೆಚ್ಚಿಗೆ, ಹೂವಿನವಳ ಹತ್ತಿರ ಗೇಣುದ್ದ ಮಲ್ಲಿಗೆ, ಹೀಗೆ ಎಲ್ಲಿ ಏನು ಕೊಂಡರೂ ಅಜ್ಜಿ ಕೊಸರು ಹಾಕಿಸಿಕೊಳ್ಳದೆ ಬರುತ್ತಿರಲಿಲ್ಲ. ದವಾಖಾನೆಯಲ್ಲಿ ಕೊಸರು ಕೇಳಿದವರನ್ನು ಆತ ಕಂಡಿರಲಿಲ್ಲವೇನೋ. "ಹೋಗಿ ತಗೊಂಬನ್ನಿ ಹಂಗಾದ್ರೆ" ಎಂದು ಹಿತ್ತಿಲ ಕಡೆ ಕೈ ತೋರಿಸಿದರು.

ಅಲ್ಲಿಗೆ ನಾವು ಹೋದ ಕಾರಣ ನನ್ನ ಕತ್ತು. ಹಿಂದಿನ ವರ್ಷದಿಂದ ಅದರ ಹಿಂಭಾಗ ಕಪ್ಪಾಗುತ್ತಾ ಬಂದಿತ್ತು. ಬಿಸಿಲಿನ ಕಪ್ಪಲ್ಲ. ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪಗೆ, ಮಡಿಕೆ ಮಡಿಕೆಯಾಗಿ, ಕಂಕುಳವರೆಗೂ ಹಬ್ಬಿದ ಕಪ್ಪು. ಅಮ್ಮನ ಪಾಲಿಗೆ ಅದು ಕೊಳೆ. ಭಾನುವಾರ ಬಂತೆಂದರೆ ಬಚ್ಚಲಲ್ಲಿ ನನ್ನನ್ನು ಬಗ್ಗಿಸಿ ಕೂರಿಸಿ, ಸೀಗೆಪುಡಿ ಹಚ್ಚಿ ಒಣಗಿದ ಹೀರೇಕಾಯಿ ನಾರಿನಿಂದ ಉಜ್ಜುತ್ತಿದ್ದಳು. ನಿಂಬೆ ಹೋಳಾಯಿತು, ಕಡಲೆಹಿಟ್ಟು ಮೊಸರಾಯಿತು. ಚರ್ಮ ಕೆಂಪಾಗಿ ಉರಿಯುತ್ತಿತ್ತು, ಎರಡು ದಿನ ಕಳೆದರೆ ಮತ್ತೆ ಅದೇ ಕಪ್ಪು.

"ಸ್ನಾನ ಮಾಡ್ತೀಯೋ ಇಲ್ಲ ಚೊಂಬಲ್ಲಿ ನೀರು ಚೆಲ್ಲಿ ಬರ್ತೀಯೋ?" ಎಂದು ಅಮ್ಮ ಗದರಿದರೆ, ಬಾಗಿಲಾಚೆಯಿಂದ ತಮ್ಮ, "ಅಮ್ಮಾ, ಎಮ್ಮೆ ತೊಳ್ದಂಗೆ ಕೇಳಿಸ್ತಾ ಐತೆ" ಎನ್ನುತ್ತಿದ್ದ. ಬೀದಿಯ ಹುಡುಗರಿಗೆ ನಾನು ರೋಲರ್. ಆಗ ಜಯನಗರದ ಕಡೆ ಹೊಸ ಬಡಾವಣೆಗೆ ರಸ್ತೆ ಹಾಕುತ್ತಿದ್ದರು, ಜಲ್ಲಿ ಒತ್ತುವ ರೋಲರ್ ಎಲ್ಲರೂ ಕಂಡ ವಸ್ತುವಾಗಿತ್ತು. ನಾನು ಬರುವುದು ಕಂಡರೆ ಸಾಕು, "ಬತ್ತಾ ಐತೆ, ದಾರಿ ಬಿಡ್ರೋ" ಎಂದು ಗೋಡೆಗೆ ಅಂಟಿಕೊಳ್ಳುವರು.

ಅಜ್ಜಿ ಮಾತ್ರ ಕೊಳೆಯ ಕಥೆ ನಂಬಲಿಲ್ಲ. ಅವಳ ಅನುಮಾನ ನನ್ನ ಕೊರಳಿನ ಸರದ ಮೇಲೆ. ನಾನು ದೊಡ್ಡವಳಾದಾಗ ಆರತಿ ಮಾಡಿ ಹಾಕಿದ ಎಳೆ ಸರ ಅದು. ಅಕ್ಕಸಾಲಿಗ ತಾಮ್ರ ಬೆರೆಸಿ ಮೋಸ ಮಾಡಿದ್ದಾನೆ, ಅದೇ ಕಪ್ಪು ಬಿಡುತ್ತಿದೆ ಎಂದು ನನ್ನನ್ನೂ ಸರವನ್ನೂ ಕರೆದುಕೊಂಡು ಅವನ ಅಂಗಡಿಗೆ ಹೋಗಿ ಜಗಳ ತೆಗೆದಳು. ಪಾಪ, ಅವನು ಒರೆಗಲ್ಲು ತೆಗೆದು, ತಿಕ್ಕಿ, ದ್ರಾವಕ ಬಿಟ್ಟು ತೋರಿಸಿದ. ಗೆರೆ ಹಳದಿಯಾಗಿಯೇ ಇತ್ತು.

"ಅಜ್ಜಿ, ನನ್ ಚಿನ್ನಕ್ಕೆ ಏನೂ ಆಗಿಲ್ಲ. ಹಂಗೆ ಬಿಡೋ ಕಪ್ಪಾದ್ರೆ ಮುಂದ್ಗಡೇನೂ ಬಿಡ್ಬೇಕಲ್ಲ? ಹುಡುಗೀನ ಡಾಕ್ಟ್ರಿಗೆ ತೋರ್ಸಿ."

ಅಜ್ಜಿ ಸೋತು ಬರುವವಳಲ್ಲ. ಸುಮ್ಮನೆ ಅನುಮಾನಪಟ್ಟು ಹೆಸರು ಕೆಡಿಸಿದ್ದಕ್ಕೆ ಪ್ರತಿಯಾಗಿ ಅವನ ಹೆಂಡತಿಗೆ ಒಂದು ಕುಂಬಳಕಾಯಿ ಕಳಿಸುವೆನೆಂದು ಹೇಳಿ, ಬರುವಾಗ ಸರಕ್ಕೆ ಪುಕ್ಕಟೆ ಮೆರುಗು ಕೊಡಿಸಿಕೊಂಡೇ ಬಂದಳು. ಅದರ ಮರುವಾರವೇ ನಾವು ದವಾಖಾನೆಯಲ್ಲಿದ್ದದ್ದು.

ಡಾಕ್ಟರು ಕತ್ತು ನೋಡಿ ಚರ್ಮಕ್ಕೆ ಒಂದು ಮುಲಾಮು ಬರೆದರು. ಮೈ ನೋಡಿ, ಎಣ್ಣೆ ತುಪ್ಪ ನಿಲ್ಲಿಸಿ ಎಂದರು. ಊಟವಾದ ಮೇಲೆ ತರಗತಿಯಲ್ಲಿ ಕಣ್ಣು ಎಳೆಯುತ್ತದೆ, ಗಂಟೆಗೊಮ್ಮೆ ಹಸಿವಾಗುತ್ತದೆ ಎಂದದ್ದಕ್ಕೆ, ಎಂಥದಕ್ಕೂ ಇರಲಿ ಎಂದು ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿದರು. ಪರೀಕ್ಷೆಯ ವಿಧಾನ ಸುಲಭ. ನಳಿಗೆಯಲ್ಲಿ ನೀಲಿ ದ್ರವ, ಅದಕ್ಕೆ ಕೆಲವು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ ಎಂದು ತಿರುಗಿ, ಬಹಳ ಇದ್ದರೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬರುತ್ತದೆ.

ನನ್ನದು ನೀಲಿಯಾಗಿ ಉಳಿಯಿತು. ನವಿಲಿನ ಕೊರಳಿನಂಥ ನೀಲಿ.

ಕೊಸರಿಗೆ ಕಾಯಿಸಿದ ಅಜ್ಜಿಯದು ಕುದಿಯುವ ಮುಂಚೆಯೇ ಇಟ್ಟಿಗೆಯಾಯಿತು.

ಕಾಂಪೌಂಡರ ನಗು ನಿಂತುಹೋಯಿತು. ನಳಿಗೆ ಹಿಡಿದುಕೊಂಡೇ ಒಳಗೆ ಹೋಗಿ ಡಾಕ್ಟರನ್ನು ಕರೆತಂದರು. ಅಜ್ಜಿಯ ದಾಹ, ಪದೇ ಪದೇ ಹಿತ್ತಿಲಿಗೆ ಹೋಗುವುದು, ಅವಳು ಹೋಗಿಬಂದ ಕಡೆ ಇರುವೆ ಮುತ್ತುವುದು, ಇವೆಲ್ಲ ಮನೆಯಲ್ಲಿ ಎಲ್ಲರೂ ಕಂಡು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದ ಸಂಗತಿಗಳೇ. ಅನ್ನ ಬಿಡಬೇಕು, ಸಿಹಿ ಬಿಡಬೇಕು, ದಿನವೂ ನಡೆಯಬೇಕು, ಮಾತ್ರೆ ನುಂಗಬೇಕು ಎಂದು ಡಾಕ್ಟರು ಒಂದೊಂದಾಗಿ ಹೇಳುತ್ತಿದ್ದರೆ ಅಜ್ಜಿ ಅವರನ್ನು ತಡೆದು ಒಂದೇ ಪ್ರಶ್ನೆ ಕೇಳಿದಳು.

"ಇದು ಮಗೀಗೂ ಬತ್ತದಾ?"

"ಅವಳದು ನೀಲಿ ಇದೆಯಲ್ಲಮ್ಮ. ಅವಳಿಗೇನೂ ಇಲ್ಲ."

ಆ ಮಾತನ್ನು ಮನೆ ಮಂದಿಯೆಲ್ಲ ಹಬ್ಬದಂತೆ ಬರಮಾಡಿಕೊಂಡರು. ಇಲ್ಲಿ ನಮ್ಮ ಮನೆಯ ಊಟದ ಕ್ರಮ ಹೇಳಬೇಕು. ನಾವು ಕನಕಪುರದ ಕಡೆಯಿಂದ ಬಂದವರು, ರಾಗಿ ತಿಂದು ಬೆಳೆದ ವಂಶ. ಅಪ್ಪನಿಗೆ ಮಿಲ್ಲಿನ ಆಫೀಸಿನಲ್ಲಿ ಕೆಲಸ ಸಿಕ್ಕಿ ಪಟ್ಟಣಕ್ಕೆ ಬಂದ ಮೇಲೆ, ಅಕ್ಕಪಕ್ಕದವರಿಗೆ ಮುದ್ದೆ ತಿನ್ನುವವರೆಂದು ಗೊತ್ತಾಗಬಾರದೆಂದು ಅಮ್ಮ ಎರಡು ಹೊತ್ತೂ ಬಿಳಿ ಅನ್ನ ಮಾಡತೊಡಗಿದ್ದಳು. ಸಂಜೆಯಾದರೆ ಅಜ್ಜಿ ದೊಡ್ಡ ತಪ್ಪಲೆಯಲ್ಲಿ ಅನ್ನ ಹುಳಿ ಕಲಸಿ, ನಮ್ಮನ್ನು ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುವಳು. ಅಂಗೈ ಚಾಚಿದರೆ ಬೆಚ್ಚಗಿನ ಒಂದು ಉಂಡೆ, ಅದರ ನೆತ್ತಿಯಲ್ಲಿ ಹೆಬ್ಬೆರಳಿನ ಗುಳಿ, ಗುಳಿಯಲ್ಲಿ ತುಪ್ಪ. ಕೊನೆಯ ಹಿಡಿ ಅವಳದು.

ಪರೀಕ್ಷೆಯ ನಂತರ ಗುಳಿ ಉಳಿಯಿತು, ತುಪ್ಪ ಹೋಯಿತು. ಡಾಕ್ಟರು ನಿಲ್ಲಿಸಲು ಹೇಳಿದ್ದು ತುಪ್ಪ ಎಣ್ಣೆಯನ್ನು ತಾನೇ? ಅನ್ನಕ್ಕೆ ತಡೆ ಇರಲಿಲ್ಲ. ಸುಸ್ತು ಎಂದರೆ ಅಮ್ಮ ಗ್ಲೂಕೋಸ್ ಪುಡಿ ಕಲಸಿದ ನೀರು ಕೊಡುತ್ತಿದ್ದಳು. ತುಪ್ಪದ ಬದಲಿಗೆ ಹಾಲು ಸಕ್ಕರೆ, ಕಡಲೆಕಾಯಿಯ ಬದಲಿಗೆ ಸಬ್ಬಕ್ಕಿ ಗಂಜಿ. ಇಷ್ಟಕ್ಕೇ ಮುಗಿಯಲಿಲ್ಲ. ಅಜ್ಜಿ ಬಿಟ್ಟದ್ದೆಲ್ಲ ನನಗೆ ಬರತೊಡಗಿತು. ಅವಳ ಕೊನೆಯ ಹಿಡಿ ನನಗೆ, ಬೀಗರ ಮನೆಯಿಂದ ಬಂದ ಒಬ್ಬಟ್ಟಿನಲ್ಲಿ ಅವಳ ಪಾಲು ನನಗೆ, ಅವಳ ಕಾಫಿಯ ಬೆಲ್ಲ ನನ್ನ ಲೋಟಕ್ಕೆ.

"ನನ್ ಬಾಯಿಗೆ ಬೀಗ ಬಿತ್ತು. ನಿಂದು ನೀಲಿ, ನೀನ್ ತಿನ್ನು ಮಗ. ನೀನ್ ತಿಂದ್ರೆ ನಂಗೆ ರುಚಿ ಸಿಕ್ತದೆ" ಎನ್ನುತ್ತಿದ್ದಳು. ನಾನು ಒಬ್ಬಟ್ಟು ಮುರಿಯುವಾಗ ಅವಳ ಗಂಟಲು ಎಂಜಲು ನುಂಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಇವತ್ತಿಗೂ ಎಲ್ಲಾದರೂ ಒಬ್ಬಟ್ಟು ಬೇಯುವ ವಾಸನೆ ಬಂದರೆ ನನಗೆ ನೆನಪಾಗುವುದು ಅವಳ ಗಂಟಲಿನ ಆ ಅಲುಗಾಟ.

ಆರು ತಿಂಗಳಲ್ಲಿ ನಾನು ಇನ್ನೂ ಊದಿದೆ, ಅವಳು ಕರಗಿದಳು. ಹಸಿವು ಮಾತ್ರ ಇಬ್ಬರಿಗೂ ಒಂದೇ. ನನ್ನ ಹಸಿವನ್ನು ಯಾರೂ ನಂಬುತ್ತಿರಲಿಲ್ಲ. ಶಾಲೆಯಲ್ಲಿ ಟೀಚರು, "ಇಷ್ಟು ಮೈ ಇಟ್ಕೊಂಡು ಹಸಿವು ಅಂತೀಯಲ್ಲೇ, ನಾಚಿಕೆ ಆಗಲ್ವಾ?" ಎಂದು ಎಲ್ಲರ ಮುಂದೆ ಕೇಳಿದ್ದರು. ಹಸಿವು ನಿಜವಾಗಿತ್ತು. ಹೊಟ್ಟೆ ತುಂಬಿದ ಗಂಟೆಯೊಳಗೆ ಕೈ ನಡುಗಿ, ಕಣ್ಣು ಮಂಜಾಗಿ, ತಿನ್ನದಿದ್ದರೆ ಬಿದ್ದೇ ಹೋಗುವೆನೆನಿಸುವಂಥ ಹಸಿವು.

ಅದರ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ನನ್ನದೇ ಬಟ್ಟೆ ಅಂಗಡಿಯಲ್ಲಿ ಕೂತು. ಸೀರೆ ಕೊಳ್ಳಲು ಬರುತ್ತಿದ್ದ ಒಬ್ಬ ಡಾಕ್ಟರಮ್ಮನಿಗೆ, ಒಂದು ರೇಷ್ಮೆ ಸೀರೆಯ ಮೇಲೆ ಚೆನ್ನಾಗಿಯೇ ಬಿಟ್ಟುಕೊಟ್ಟು, ಬದಲಿಗೆ ಅರ್ಧ ದಿನ ಪಾಠ ಹೇಳಿಸಿಕೊಂಡೆ. ಆಕೆ ಹೇಳಿದ್ದನ್ನು ನನ್ನ ವ್ಯಾಪಾರದ ಭಾಷೆಗೆ ತಿರುಗಿಸಿ ಹೇಳುತ್ತೇನೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ. ಆ ಸಕ್ಕರೆಗೆ ಮೈಯೊಳಗಿನ ಮನೆಗಳ ಬಾಗಿಲು ತೆಗೆಸುವುದು ಇನ್ಸುಲಿನ್ನಿನ ಕೆಲಸ. ಬೀದಿಯಲ್ಲಿ ಕೂಗಿಕೊಂಡು ಹೋಗುವ ವ್ಯಾಪಾರಿಯ ಹಾಗೆ ಅದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೂಗಿದರೆ ಮನೆಯವರು ಬಾಗಿಲು ತೆಗೆಯುತ್ತಾರೆ. ದಿನವೆಲ್ಲ ಕೂಗಿದರೆ ಕಿವಿ ಮಂದವಾಗುತ್ತದೆ, ಯಾರೂ ತೆಗೆಯುವುದಿಲ್ಲ. ಆಗ ವ್ಯಾಪಾರಿ ಇನ್ನೂ ಜೋರಾಗಿ ಕೂಗುತ್ತಾನೆ, ಒಬ್ಬನಿದ್ದವನು ಹತ್ತು ಜನರನ್ನು ಕರೆತರುತ್ತಾನೆ. ಹರೆಯದಲ್ಲಿ ಮೈ ಹೇಗೂ ಸ್ವಲ್ಪ ಕಿವುಡಾಗಿರುತ್ತದೆಯಂತೆ. ದಪ್ಪ ಮಕ್ಕಳಲ್ಲಿ ಅದು ಇನ್ನೂ ಹೆಚ್ಚು.

ಇನ್ಸುಲಿನ್ನಿಗೆ ಇನ್ನೊಂದು ಕೆಲಸವಿದೆ. ಮಿಕ್ಕ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾಡುತ್ತದೆ, ಕೊಬ್ಬನ್ನು ಉಗ್ರಾಣಕ್ಕೆ ತುಂಬಿಸಿ ಬೀಗ ಹಾಕಿಸುವುದು ಇನ್ಸುಲಿನ್. ಅದು ರಕ್ತದಲ್ಲಿ ಜಾಸ್ತಿ ಇರುವಷ್ಟು ಹೊತ್ತು ಬೀಗ ಸುಲಭಕ್ಕೆ ತೆರೆಯುವುದಿಲ್ಲ. ಉಗ್ರಾಣದ ತುಂಬ ಮಾಲು, ಅಂಗಡಿಯಲ್ಲಿ ಮಾರಲು ಒಂದು ಪಂಚೆಯಿಲ್ಲ. ನನ್ನ ಹಸಿವು ಅದು. ಇನ್ನು ಆ ನೀಲಿ? ನನ್ನ ಎಳೆ ಮೈ ಜೋರಾಗಿ ಕೂಗಿ ಕೂಗಿ ಹೇಗೋ ಸಕ್ಕರೆಯನ್ನು ಒಳಗೆ ತಳ್ಳುತ್ತಿದ್ದುದರಿಂದ ಅದು ಮೂತ್ರಕ್ಕೆ ಇಳಿದಿರಲಿಲ್ಲ. ಅಜ್ಜಿಯ ವ್ಯಾಪಾರಿ ಕೂಗಿ ಕೂಗಿ ಗಂಟಲು ಕಟ್ಟಿ ಕೂತಿದ್ದ. ಕಪ್ಪು ಕತ್ತು ಈ ಕೂಗಾಟದ ಗುರುತಂತೆ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದರೆ ಕತ್ತಿನ, ಕಂಕುಳಿನ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಸೀಗೆಪುಡಿಗೆ ಅದೆಲ್ಲಿ ಹೋಗಬೇಕು?

ಆಗ ಇದೊಂದೂ ಗೊತ್ತಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಜಗಲಿಯಲ್ಲಿ ಅಜ್ಜಿಯ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದೆ. ಸೆರಗು ಜಾರಿತ್ತು. ತುರುಬು ಬಿಚ್ಚಿ ಕೂದಲು ಮೇಲೆತ್ತಿದಾಗ ಬಿಳಿ ಕೂದಲಿನ ಬುಡದಲ್ಲಿ ಅದೇ ಕಪ್ಪು ಕಂಡಿತು. ಅದೇ ಮಡಿಕೆ, ಮುಟ್ಟಿದರೆ ಅದೇ ಮಖಮಲ್ಲು.

"ಅಜ್ಜಿ, ನಿನ್ ಕತ್ತೂ ನನ್ ಥರಾನೇ ಐತೆ."

"ಏನ್ ಐತೆ?"

"ಕೊಳೆ."

ಅವಳು ಒಳಗಿನಿಂದ ಕನ್ನಡಿ ತರಿಸಿದಳು. ಅಪ್ಪ ಗಡ್ಡ ಕೆರೆಯುವ ಇನ್ನೊಂದು ಕನ್ನಡಿಯನ್ನು ಅಮ್ಮ ಹಿಂದೆ ಹಿಡಿದುಕೊಂಡಳು. ಅಜ್ಜಿ ತನ್ನ ಕತ್ತು ನೋಡಿದಳು, ನನ್ನನ್ನು ತಿರುಗಿಸಿ ನನ್ನ ಕತ್ತು ನೋಡಿದಳು, ಮತ್ತೆ ತನ್ನದು.

"ನಿಂಗೆ ಯಾವಾಗಿಂದ ಅತ್ತೆ?" ಅಮ್ಮ ಕೇಳಿದಳು.

"ಇವಳಷ್ಟಿದ್ದಾಗಿಂದ. ಮೈನೆರೆದು ಕೂತಿದ್ದಾಗ ಕೊಬ್ಬರಿ ಬೆಲ್ಲ ಚಿಗಳಿ ತುಂಬಿ ತುಂಬಿ ಇಟ್ರು ನೋಡು, ಆಮೇಲಿಂದ. ಗಂಡನ್ ಮನೇಲಿ ನನ್ ಅತ್ತೆ ಬೂದಿ ಹಾಕಿ ಉಜ್ಸೋಳು, ನೀರ್ ಕಂಡಿಲ್ದ ಜಾತಿ ಅಂತ. ತುರುಬು ತಗ್ಗಿಸಿ ಕಟ್ಟೋದು ಕಲ್ತೆ, ಮರ್ತೋಯ್ತು."

ಕನ್ನಡಿ ಕೆಳಗಿಟ್ಟಳು. ಆಮೇಲೆ ನನ್ನ ಕತ್ತಿನ ಮೇಲೆ ಬೆರಳಾಡಿಸುತ್ತಾ ಹೇಳಿದಳು: "ಇದು ಒಂದೇ ಥಾನಿನ ಬಟ್ಟೆ ಕಣಮ್ಮ. ನಂದು ಹಳೇದು, ಇವಳ್ದು ಹೊಸ್ದು. ನಂದು ಈಗ ಹರೀತು. ಆ ನೀಲಿ ನಂಬ್ಕೊಂಡು ಕೂತ್ರೆ ಇವಳ್ದೂ ಹರೀತದೆ."

ಅಂದಿನಿಂದ ಅವಳಿಗೆ ಒಂದೇ ಹಟ. ತನಗೆ ಬಂದದ್ದು ನನಗೆ ಬರಬಾರದು. ಔಷಧ ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ. ತನಗೆ ಡಾಕ್ಟರು ಹೇಳಿದ್ದನ್ನೇ ನನಗೂ ಮಾಡಿಸುವುದೆಂದು ತೀರ್ಮಾನಿಸಿದಳು. ತನ್ನೊಬ್ಬಳಿಗೆ ಅಂತ ಬೇರೆ ಪಾತ್ರೆ ಇಡುವುದು ದಂಡ, ಇಬ್ಬರಿಗಾದರೆ ಸೌದೆ ಉಳಿಯುತ್ತದೆ ಎಂಬ ವಾದ ಹೂಡಿ, ಅಮ್ಮನ ಮರ್ಯಾದೆಯ ಮಾತನ್ನು ಬದಿಗೆ ಸರಿಸಿ, ಮುದ್ದೆಯ ಕೋಲನ್ನು ಅಟ್ಟದಿಂದ ಇಳಿಸಿದಳು. ಚಿಕ್ಕ ಮುದ್ದೆ, ಜೊತೆಗೆ ತಟ್ಟೆ ತುಂಬ ಸೊಪ್ಪು ಕಾಳು. ಗ್ಲೂಕೋಸಿನ ಡಬ್ಬ ತಮ್ಮನ ಗೋಲಿ ಇಡುವುದಕ್ಕಾಯಿತು.

ತೊಡಕು ಬಂದದ್ದು ನಡಿಗೆಗೆ. ಆ ಕಾಲದಲ್ಲಿ ನಮ್ಮಂಥವರ ಮನೆಯ ಹೆಂಗಸರು ಕೆಲಸವಿಲ್ಲದೆ ನಡೆಯುತ್ತಿರಲಿಲ್ಲ. ಕೋಲು ಹಿಡಿದು ಸುಮ್ಮನೆ ಸುತ್ತುವುದು ರಿಟೈರಾದ ಗಂಡಸರ ಹಕ್ಕು. ಮೊದಲ ದಿನ ನಾವಿಬ್ಬರೂ ಬರಿಗೈಯಲ್ಲಿ ಹೊರಟು ಗುಡ್ಡದ ದೇವಸ್ಥಾನದ ಮುಂದೆ ಹಾದು ಹೋಗುವಷ್ಟರಲ್ಲಿ ಎದುರು ಮನೆಯಾಕೆ, "ಏನ್ ಅಜ್ಜಿ, ಸೊಸೆ ಜೊತೆ ಜಗಳಾನಾ? ಮೊಮ್ಮಗಳನ್ನ ಕಟ್ಕೊಂಡು ಎಲ್ಗೆ ಹೊರಟ್ರಿ?" ಎಂದು ಕೂಗಿ ಕೇಳಿದಳು. ಇನ್ನೊಬ್ಬಳು, "ಯಾರಿಗಾದ್ರೂ ಹುಷಾರಿಲ್ವಾ?" ಎಂದಳು. ಸಂಜೆಯೊಳಗೆ ಅಪ್ಪನ ಕಿವಿಗೂ ಬಿತ್ತು.

"ಜನ ಏನಂತಾರೆ ಅವ್ವ?" ಎಂದರು ಅಪ್ಪ.

"ಏನಾದ್ರೂ ಅಂತಾರೆ. ನಾಳೆಯಿಂದ ಬುಟ್ಟಿ ತಗೊಂಡು ಹೋಗ್ತೀನಿ, ಆಗೇನಂತಾರೆ ನೋಡಾನ."

ಬುಟ್ಟಿ ಬಂದದ್ದೇ ಎಲ್ಲ ಸಲೀಸಾಯಿತು. ಬೆಳಗ್ಗೆ ಬಿಸಿಲೇರುವ ಮುಂಚೆ ಇಳಿಜಾರು ಇಳಿದು ಕತ್ರಿಗುಪ್ಪೆಯ ತೋಟಗಳ ತನಕ. ಈಗ ಗಿರಿನಗರ ಎನ್ನುವ ಕಡೆಯಲ್ಲೆಲ್ಲ ಕುರುಚಲು, ಬಂಡೆ, ಅಲ್ಲಲ್ಲಿ ರಾಗಿ ಹೊಲ. ಬಾವಿಯಿಂದ ಏತ ಎತ್ತುವ ಸದ್ದು. ಇಬ್ಬನಿಯಲ್ಲಿ ನೆನೆದ ದಂಟು, ಕೀರೆ, ಮೆಂತ್ಯ. ಮೊದಮೊದಲು ನಾನು ಅರ್ಧ ದಾರಿಯಲ್ಲೇ ಬಂಡೆಯ ಮೇಲೆ ಕೂತುಬಿಡುತ್ತಿದ್ದೆ. ತೊಡೆ ತೊಡೆಗೆ ಉಜ್ಜಿ ಉರಿ. ಅಜ್ಜಿ ಬೈಯುತ್ತಿರಲಿಲ್ಲ. ತಾನೂ ಕೂತು, "ನಂಗೂ ಸಾಕಾಯ್ತು ಮಗ" ಎನ್ನುತ್ತಿದ್ದಳು. ಅವಳಿಗೆ ಸಾಕಾಗಿರುತ್ತಿರಲಿಲ್ಲ ಎಂಬುದು ಅವಳ ಉಸಿರಿನಲ್ಲೇ ಗೊತ್ತಾಗುತ್ತಿತ್ತು.

ತೋಟದಾಕೆಯೊಂದಿಗೆ ಅವಳ ಚೌಕಾಸಿ ಕೇಳಿ ನಾನು ವ್ಯಾಪಾರ ಕಲಿತೆ.

"ಕಟ್ಟು ಚಿಕ್ಕದಾಗೈತಲ್ಲಮ್ಮಿ ಇವತ್ತು?"

"ಕಟ್ಟು ಅದೇ ಅಜ್ಜಿ, ನಿನ್ ಕಣ್ಣು ದೊಡ್ಡದಾಗೈತೆ."

"ಕಣ್ಣು ದೊಡ್ಡದಾದ್ರೆ ತೂತೂ ಕಾಣ್ತದೆ ನೋಡು. ಈ ಎಲೆ ತುಂಬ ಹುಳ ತಿಂದೈತೆ."

"ಹುಳ ತಿಂದ್ರೆ ಸೊಪ್ಪು ರುಚಿಯಾಗೈತೆ ಅಂತ. ಮೊಮ್ಮಗಳಿಗೆ ಕೇಳು, ಅವಳಿಗೆ ರುಚಿ ಗೊತ್ತು."

ಆ ಮಾತಿಗೆ ನಾನು ಮುಖ ತಗ್ಗಿಸಿದೆ. ಅಜ್ಜಿ ನಗಲಿಲ್ಲ. "ಅವಳು ನನ್ ಪಾಲುದಾರಳು. ಅವಳನ್ನ ಆಡ್ಕೊಂಡ್ರೆ ನಾಳೆಯಿಂದ ಪಕ್ಕದ ತೋಟ" ಎಂದಳು. ತೋಟದಾಕೆ ಎರಡು ಹಿಡಿ ಹೆಚ್ಚಿಗೆ ಹಾಕಿದಳು. ನನ್ನ ದಪ್ಪದ ಕುರಿತು ಯಾರಾದರೂ ಮಾತಾಡಿ, ಅದಕ್ಕೆ ಬೆಲೆ ತೆತ್ತದ್ದು ನಾನು ಕಂಡದ್ದು ಅದೇ ಮೊದಲು.

ಜಗಳವೋ ಎಂದು ಕೇಳಿದ್ದ ಎದುರು ಮನೆಯಾಕೆಯೇ ನಮ್ಮ ಬುಟ್ಟಿಯ ಸೊಪ್ಪು ಕಂಡು "ನಮಗೂ ಎರಡು ಕಟ್ಟು ತನ್ನಿ" ಎಂದಳು. ಆಮೇಲೆ ಬೀದಿಯ ಅರ್ಧ ಮನೆಗಳು. ಒಂದು ಬುಟ್ಟಿ ಎರಡಾಯಿತು. ಒಂದನ್ನು ನಾನು ತಲೆಯ ಮೇಲೆ ಹೊತ್ತು ಏರು ಹತ್ತುತ್ತಿದ್ದೆ. ರೋಲರ್ ಎಂದು ಕೂಗುತ್ತಿದ್ದ ಹುಡುಗನ ಮನೆಗೂ ಸೊಪ್ಪು ಕೊಡುತ್ತಿದ್ದೆ. ಅವನ ತಾಯಿ ಕೊಸರು ಕೇಳಿದರೆ, "ನಿಮ್ಮ ಮಗ ದಿನಾ ಕೊಡ್ತಾನಲ್ಲಮ್ಮ, ಸಾಕು" ಎನ್ನುತ್ತಿದ್ದೆ. ಆಕೆಗೆ ಅರ್ಥವಾಗುತ್ತಿರಲಿಲ್ಲ, ಒಳಗೆ ಕೂತ ಅವನಿಗೆ ಆಗುತ್ತಿತ್ತು.

ತೂಕ ನೋಡುವ ಯಂತ್ರ ನಮ್ಮ ಬಳಿ ಇರಲಿಲ್ಲ. ಅಳತೆ ಗೊತ್ತಾದದ್ದು ಬಟ್ಟೆಯಲ್ಲಿ. ಲಂಗದ ಲಾಡಿ ಉದ್ದವಾಯಿತು. ರವಿಕೆಯ ಪಕ್ಕದ ಹೊಲಿಗೆ ಒಳಕ್ಕೆ ಹೋಯಿತು. ಹಸಿವಿನ ನಡುಕ ಯಾವಾಗ ನಿಂತಿತೆಂದು ಗೊತ್ತಾಗಲೇ ಇಲ್ಲ. ತಿಂಗಳುಗಟ್ಟಲೆ ನಿಂತಿದ್ದ ಮುಟ್ಟು ಸರಿಯಾಗಿ ಬರತೊಡಗಿತು. ಅಜ್ಜಿ ಪ್ರತಿ ಅಮಾವಾಸ್ಯೆಗೆ ಹೊಸ್ತಿಲ ಬೆಳಕಿನಲ್ಲಿ ನನ್ನನ್ನು ನಿಲ್ಲಿಸಿ ಕತ್ತು ನೋಡುವಳು, ಬಟ್ಟೆ ಅಂಗಡಿಯಲ್ಲಿ ಬಣ್ಣ ಬಿಡುತ್ತದೆಯೋ ಎಂದು ಸೀರೆಯ ಅಂಚು ತಿಕ್ಕಿ ನೋಡುವವರ ಹಾಗೆ. "ತಿಳಿ ಆಗ್ತಾ ಐತೆ" ಎಂದರೆ ಅವತ್ತು ಅವಳ ಮುಖದಲ್ಲಿ ಬೇರೆಯೇ ಕಳೆ.

ಅವಳ ಪಾದವನ್ನು ಯಾರೂ ನೋಡಲಿಲ್ಲ. ಅವಳ ಕಾಲದ ಹೆಂಗಸರು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಹೊಲ, ಬಂಡೆ, ಜಾಲಿ ಪೊದೆ ಎಲ್ಲವೂ ಬರಿಗಾಲಲ್ಲೇ. ಒಂದು ದಿನ ಮನೆಗೆ ಬಂದು ಕಾಲು ತೊಳೆಯುವಾಗ ಅಂಗಾಲಿನಲ್ಲಿ ಜಾಲಿ ಮುಳ್ಳು ಪೂರಾ ಇಳಿದಿದ್ದದ್ದು ಕಂಡಿತು. ಯಾವಾಗ ಚುಚ್ಚಿತೋ ಅವಳಿಗೇ ಗೊತ್ತಿಲ್ಲ.

"ನೋವೇ ಇಲ್ಲ ನೋಡು. ನನ್ ಕಾಲು ಇನ್ನೂ ಗಟ್ಟಿ ಐತೆ" ಎಂದು ಹೆಮ್ಮೆಯಿಂದ ಮುಳ್ಳು ಕಿತ್ತು ಅರಿಸಿನ ಸುಣ್ಣ ಹಚ್ಚಿದಳು. ನಾವೂ ಹೆಮ್ಮೆಪಟ್ಟೆವು. ಸಕ್ಕರೆ ಕಾಯಿಲೆಯಲ್ಲಿ ಪಾದಕ್ಕೆ ನೋವು ತಿಳಿಯದಿರುವುದೇ ಕೆಟ್ಟ ಸುದ್ದಿ ಎಂದು ಹೇಳುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಗಾಯ ಮೇಲೆ ಒಣಗಿದಂತೆ ಕಂಡು ಒಳಗೇ ಹರಡಿತು. ಪಾದ ಕಪ್ಪಾಗಿ ಜ್ವರ ಬಂದ ಮೇಲೆ ಅಪ್ಪ ಟಾಂಗಾದಲ್ಲಿ ದೊಡ್ಡ ಆಸ್ಪತ್ರೆಗೆ ಸೇರಿಸಿದರು.

ಆಸ್ಪತ್ರೆಗೆ ನಾನು ದಿನವೂ ನಡೆದೇ ಹೋಗುತ್ತಿದ್ದೆ, ಬೆಳಗಿನ ಬುಟ್ಟಿ ಮುಗಿಸಿಕೊಂಡು. ಅವಳು ಕೇಳುತ್ತಿದ್ದದ್ದು ತೋಟದ ವರದಿ. ದಂಟು ಹೇಗಿದೆ, ತೋಟದಾಕೆ ಕಟ್ಟು ಚಿಕ್ಕದು ಮಾಡಿದಳೋ, ಎದುರು ಮನೆಯಾಕೆ ಬಾಕಿ ಕೊಟ್ಟಳೋ. ಒಂದು ದಿನ ಮಾತು ಕಡಿಮೆಯಾಗಿತ್ತು. ಹತ್ತಿರ ಬಾ ಎಂದು ಕೈ ಮಾಡಿದಳು. ಬಗ್ಗಿದೆ. ಜಡೆ ಸರಿಸಿ ಕತ್ತಿನ ಹಿಂದೆ ಬೆರಳಾಡಿಸಿದಳು. ಕಣ್ಣು ಆಗಲೇ ಸರಿಯಾಗಿ ಕಾಣುತ್ತಿರಲಿಲ್ಲ, ಬೆರಳಿನಲ್ಲೇ ನೋಡಿದಳು.

"ನುಣ್ಣಗಾಗೈತೆ" ಎಂದಳು. ಬೆರಳನ್ನು ಒಂದು ಕಡೆ ಒತ್ತಿ, "ಇಲ್ಲಿ ಒಂಚೂರು ಉಳ್ಕೊಂಡೈತೆ. ನಡೀತಿರು ಮಗ, ನಿಲ್ಸ್ಬೇಡ" ಎಂದಳು.

ಅವಳು ಮನೆಗೆ ಬರಲಿಲ್ಲ. ಕರ್ಮ ಮುಗಿದ ಮಾರನೆಯ ಬೆಳಗ್ಗೆ ಅಮ್ಮ, "ಇವತ್ತೂ ಹೋಗ್ಬೇಕಾ?" ಎಂದಳು. ನಾನು ಬುಟ್ಟಿ ತೆಗೆದುಕೊಂಡೆ. ದಾರಿಯ ಬಂಡೆಯ ಹತ್ತಿರ ಬಂದಾಗ ಕೂರಬೇಕಾದಷ್ಟು ಸುಸ್ತು ನನಗಿರಲಿಲ್ಲ. ಆದರೂ ಕೂತೆ. "ನಂಗೂ ಸಾಕಾಯ್ತು" ಎಂದು ಸುಳ್ಳು ಹೇಳುವವರು ಪಕ್ಕದಲ್ಲಿರಲಿಲ್ಲ. ಅಷ್ಟು ಚೆನ್ನಾಗಿ ಸುಳ್ಳು ಹೇಳಿದವರನ್ನು ಆಮೇಲೆ ನಾನು ವ್ಯಾಪಾರದಲ್ಲೂ ಕಾಣಲಿಲ್ಲ, ಮನೆಯಲ್ಲೂ ಕಾಣಲಿಲ್ಲ. ಈಗ ಆ ಬಂಡೆಯಿದ್ದ ಜಾಗದಲ್ಲಿ ಮೂರಂತಸ್ತಿನ ಮನೆ. ಆ ಕಡೆ ಹೋದಾಗಲೆಲ್ಲ ಅದರ ಗೇಟಿನ ಮುಂದೆ ಒಂದು ಕ್ಷಣ ನಿಲ್ಲುತ್ತೇನೆ. ಕಾವಲಿನವನು "ಯಾರ್ ಬೇಕಿತ್ತು ಮೇಡಂ?" ಎಂದು ಕೇಳುತ್ತಾನೆ.

ಸಕ್ಕರೆ ನನಗೆ ಬರಲಿಲ್ಲವೆಂದಲ್ಲ. ಬಂತು, ಆದರೆ ಮೊಮ್ಮಕ್ಕಳಾದ ಮೇಲೆ ಬಂತು, ಮೆಲ್ಲಗೆ ಬಂತು. ಹದಿನಾಲ್ಕಕ್ಕೇ ಸಹಿ ಹಾಕಿದ್ದ ಕರಾರನ್ನು ಅಜ್ಜಿ ಚೌಕಾಸಿ ಮಾಡಿ ಅಷ್ಟು ವರ್ಷ ಮುಂದಕ್ಕೆ ಹಾಕಿಸಿದ್ದಳು.

ಇನ್ನು ನಿಮ್ಮ ವಿಷಯ. ನಿಮ್ಮ ಮನೆಯಲ್ಲಿ ದಪ್ಪನೆಯ ಮಗುವಿದ್ದು ಅದರ ಕತ್ತು, ಕಂಕುಳು ಕಪ್ಪಾಗಿದ್ದರೆ ಉಜ್ಜುವುದನ್ನು ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಸಕ್ಕರೆ ಸರಿಯಾಗಿದೆ ಎಂದು ಒಂದು ಚೀಟಿ ಬಂದರೆ ಅದನ್ನು ಹಿಡಿದುಕೊಂಡು ಕುಣಿಯಬೇಡಿ. ಕತ್ತಿನ ಕಪ್ಪಿಗೆ ಕಾರಣವೇನು, ಯಕೃತ್ತಿನಲ್ಲಿ ಕೊಬ್ಬು ಕೂತಿದೆಯೇ ಎಂದು ಬಾಯಿಬಿಟ್ಟು ಕೇಳಿ, ಕೇಳುವುದಕ್ಕೆ ಕಾಸು ಕೊಡಬೇಕಿಲ್ಲ. ಮನೆಯಲ್ಲೇ ಒಂದು ಅಳತೆ ನೋಡಬಹುದು, ಬಟ್ಟೆಯವಳಾಗಿ ನನಗೆ ಇಷ್ಟವಾದದ್ದು: ಮಗುವಿನ ಎತ್ತರಕ್ಕೆ ಒಂದು ದಾರ ತೆಗೆದುಕೊಂಡು ಅರ್ಧಕ್ಕೆ ಮಡಿಸಿ. ಆ ಅರ್ಧ ಹೊಟ್ಟೆಯ ಸುತ್ತ ಬರದಿದ್ದರೆ ತಡ ಮಾಡಬೇಡಿ. ತುಪ್ಪ ನಿಲ್ಲಿಸಿ ಬಿಸ್ಕತ್ತು, ಹಣ್ಣಿನ ರಸ, ಸಿಹಿ ಹಾಲು ಕೊಡುವ ಬುದ್ಧಿವಂತಿಕೆ ಬೇಡ. ಉಪವಾಸ ಕೆಡವುವುದೂ ಬೇಡ, ಬೆಳೆಯುವ ಮೈ ಅದು. ಅನ್ನ ಇಳಿಸಿ, ಸೊಪ್ಪು ಕಾಳು ಏರಿಸಿ, ಹಸಿವು ಎಂದರೆ ನಂಬಿ. ಮನೆಯ ಹಿರಿಯರಿಗೆ ಸಕ್ಕರೆಯಿದ್ದರೆ ಅವರ ಅಂಗಾಲನ್ನು ದಿನವೂ ನೀವೇ ನೋಡಿ, ನೋವಿಲ್ಲ ಎಂದರೆ ಇನ್ನಷ್ಟು ಹತ್ತಿರದಿಂದ ನೋಡಿ. ಮಗುವನ್ನು ನಡೆಯಲು ಕಳಿಸಬೇಡಿ, ಕರೆದುಕೊಂಡು ಹೋಗಿ, ಕೈಗೊಂದು ಕೆಲಸ ಕೊಟ್ಟು. ನಿಮ್ಮ ಕಾಲು ಚುರುಕೆಂದು ಮುಂದೆ ಮುಂದೆ ಹೋಗಬೇಡಿ. ಮಗು ಕೂತರೆ ನೀವೂ ಪಕ್ಕದಲ್ಲಿ ಕೂತುಕೊಳ್ಳಿ, ಅದು ತಾನಾಗಿ ಏಳುವವರೆಗೆ.